ನಿಮಗಿದು ಗೊತ್ತೆ? ವೋಲ್ಟೇಜ್ ಏರಿಸುವ ಏಣಿ

1932ರ ಏಪ್ರಿಲ್ 14. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜಾನ್ ಕಾಕ್‌ಕ್ರಾಫ್ಟ್ ಮತ್ತು ಅರ್ನೆಸ್ಟ್ ವಾಲ್ಟನ್ ಲಿಥಿಯಂ ಪರಮಾಣುವಿನ ಬೀಜಕೇಂದ್ರವನ್ನು ಒಡೆದರು. ಅದಕ್ಕೆ ಬೇಕಾದ ಲಕ್ಷಾಂತರ ವೋಲ್ಟ್ ಒದಗಿಸಿದ್ದು ಅವರೇ ಕಟ್ಟಿ ನಿಲ್ಲಿಸಿದ ಯಂತ್ರ. ಪೆಟ್ರೋಲ್ ಪಂಪಿನ ಗಾಜಿನ ಕೊಳವೆಗಳನ್ನು ಅದಕ್ಕೆ ಬಳಸಿಕೊಂಡರು. ಗಾಳಿ ನುಸುಳದಂತೆ ಸಂದುಗಳಿಗೆ ಮೆತ್ತಿದ್ದು ಮಕ್ಕಳು ಆಡುವ ಪ್ಲಾಸ್ಟಿಸೀನ್!

ಈ ಯಂತ್ರದ ಮೂಲ ಸರ್ಕ್ಯೂಟ್ ಸ್ವಿಟ್ಜರ್ಲೆಂಡಿನ ಹೈನ್ರಿಕ್ ಗ್ರೈನಾಕರ್ ಅವರದು. ಡಯೋಡ್ ಮತ್ತು ಕೆಪಾಸಿಟರ್‌ಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿದರೆ ಎಸಿ ವಿದ್ಯುತ್ತಿನ ಪ್ರತಿ ಏರಿಳಿತಕ್ಕೂ ಚಾರ್ಜ್ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ಇದರ ಸೊಗಸೆಂದರೆ, ತುದಿಯಲ್ಲಿ ಎಷ್ಟೇ ವೋಲ್ಟ್ ಇರಲಿ, ಒಂದೊಂದು ಬಿಡಿಭಾಗ ತಾಳಿಕೊಳ್ಳಬೇಕಾದದ್ದು ತನ್ನ ಮೆಟ್ಟಿಲಿನ ಪಾಲು ಮಾತ್ರ.

ನಿಜವಾದ ಸವಾಲು ಇರುವುದು ವಿದ್ಯುತ್ ಸೋರಿಕೆ ತಡೆಯುವುದರಲ್ಲಿ. ಚೂಪಾದ ತಂತಿ ತುದಿ, ಮೊನಚಾದ ಬೆಸುಗೆ ಇದ್ದಲ್ಲಿ ಸುತ್ತಲಿನ ಗಾಳಿಯೇ ವಿದ್ಯುತ್ ಹರಿಸತೊಡಗುತ್ತದೆ. ಆದ್ದರಿಂದಲೇ ಇಂಥ ಯಂತ್ರಗಳ ನೆತ್ತಿಯ ಮೇಲೆ ನುಣುಪಾದ, ದುಂಡನೆಯ ಲೋಹದ ಗುಮ್ಮಟ. ಚಿಕ್ಕ ಸರ್ಕ್ಯೂಟ್‌ಗಳನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿಸುತ್ತಾರೆ, ಇಲ್ಲವೇ ಎಪಾಕ್ಸಿ ಸುರಿದು ಮುಚ್ಚುತ್ತಾರೆ. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಲ್ಲೇ ಕಿಡಿ ಹುಟ್ಟಿ ಹೊದಿಕೆಯನ್ನು ತಿನ್ನುತ್ತಾ ಹೋಗುತ್ತದೆ.

ಇದೇ ತತ್ತ್ವದ ಪುಟ್ಟ ಸರ್ಕ್ಯೂಟ್ ನಮ್ಮ ಮನೆಯ ಸೊಳ್ಳೆ ಬ್ಯಾಟಿನಲ್ಲೂ ಇದೆ. ಗುಂಡಿ ಬಿಟ್ಟ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು, ಮಕ್ಕಳ ಕೈಗೆ ಕೊಡಬೇಡಿ. ದೊಡ್ಡ ಸರ್ಕ್ಯೂಟ್‌ಗಳಲ್ಲಿ ಹಾಗೆ ಉಳಿದ ಚಾರ್ಜ್ ಜೀವವನ್ನೇ ತೆಗೆಯಬಲ್ಲದು.