ಮಲಗಿದ ಯಂತ್ರಗಳ ವಿದ್ಯುತ್ ಹಸಿವು

ರಾತ್ರಿ ದೀಪಗಳನ್ನೆಲ್ಲ ಆರಿಸಿದ ಮೇಲೆ ಮನೆಯಲ್ಲಿ ಕಂಪ್ಯೂಟರ್ ಇರುವ ಕೋಣೆಯತ್ತ ಒಮ್ಮೆ ನೋಡಿ. ಕತ್ತಲಲ್ಲಿ ಮೂರು ನಾಲ್ಕು ಪುಟ್ಟ ದೀಪಗಳು ಕಾಣುತ್ತವೆ. ಮಾನಿಟರಿನದೊಂದು, ಪ್ರಿಂಟರಿನದೊಂದು, ಮೋಡೆಮಿನದೊಂದು, ಯುಪಿಎಸ್‌ನದೊಂದು. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇಂಥವು ಹತ್ತಾರು. ದೊಡ್ಡ ಸರ್ಕಾರಿ ಕಚೇರಿಯಲ್ಲಿ ನೂರಾರು. ಕೆಲಸ ಮುಗಿದಿದೆ, ಯಂತ್ರಗಳು ಮಲಗಿವೆ ಎಂದು ನಾವು ತಿಳಿದಿರುತ್ತೇವೆ. ಆದರೆ ಅವು ಮಲಗಿದಲ್ಲೇ ವಿದ್ಯುತ್ತನ್ನು ಹೀರುತ್ತಿರುತ್ತವೆ.

2020ರ ಕೋವಿಡ್ ಕಾಲದಲ್ಲಿ ಅನೇಕರ ಕಚೇರಿಯ ಮೇಜು ಮನೆಗೇ ಬಂದಿತು. ಅದರೊಂದಿಗೆ ಕಚೇರಿಯ ಈ ಪೋಲೂ ಮನೆಗೆ ಬಂದಿತು. ಇದನ್ನು ತಡೆಯುವುದು ಯಾರ ಕೆಲಸ? ಸ್ವಿಚ್ ಆರಿಸಬೇಕಾದ ಮನೆಯವರದೇ? ಅಥವಾ ನಿಯಮ ಮಾಡಬೇಕಾದ ಸರ್ಕಾರದ್ದೇ? ಉತ್ತರಕ್ಕೆ ಮೊದಲು ಈ ಪೋಲು ಹೇಗೆ ಆಗುತ್ತದೆ ಎಂಬುದನ್ನು ತಿಳಿಯೋಣ.

ಬಿಸಿಯಾಗುವ ಅಡಾಪ್ಟರ್

ಗೋಡೆಯ ಸಾಕೆಟ್‌ನಲ್ಲಿ ದೊರೆಯುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್. ಕಂಪ್ಯೂಟರ್, ಮೋಡೆಮ್, ಸ್ಪೀಕರುಗಳ ಒಳಗಿನ ಮಂಡಲಗಳಿಗೆ ಬೇಕಾದುದು ಕೆಲವೇ ವೋಲ್ಟ್‌ಗಳ ನೇರ ವಿದ್ಯುತ್. ಇವೆರಡರ ನಡುವೆ ಒಂದು ಪರಿವರ್ತನಾ ಘಟಕ ಇರಲೇಬೇಕು. ಹಳೆಯ ಅಡಾಪ್ಟರುಗಳಲ್ಲಿ ಈ ಕೆಲಸವನ್ನು ಕಬ್ಬಿಣದ ತಿರುಳುಳ್ಳ ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು. ಅದರ ಪ್ರಾಥಮಿಕ ಸುರುಳಿಗೆ ವಿದ್ಯುತ್ ಹರಿಯುತ್ತಿರುವಷ್ಟು ಕಾಲವೂ ತಿರುಳಿನ ಕಾಂತತ್ವ ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತಲೇ ಇರುತ್ತದೆ. ಇದರಿಂದ ತಿರುಳಿನಲ್ಲಿ ಸುಳಿ ಪ್ರವಾಹಗಳು ಹುಟ್ಟಿ ಅದು ಕಾಯುತ್ತದೆ. ಮತ್ತೆ ಮತ್ತೆ ಕಾಂತೀಕರಿಸುವುದಕ್ಕೂ ಶಕ್ತಿ ವ್ಯಯವಾಗುತ್ತದೆ. ಇನ್ನೊಂದು ತುದಿಗೆ ಯಾವ ಉಪಕರಣವನ್ನೂ ಜೋಡಿಸದಿದ್ದರೂ ಈ ನಷ್ಟ ತಪ್ಪದು. ಏನೂ ಕೆಲಸ ಮಾಡದ ಹಳೆಯ ಅಡಾಪ್ಟರನ್ನು ಮುಟ್ಟಿದಾಗ ಬೆಚ್ಚಗಿರುವುದು ಇದೇ ಕಾರಣಕ್ಕೆ.

ಈಗಿನ ಉಪಕರಣಗಳಲ್ಲಿ ಸ್ವಿಚ್ ಮೋಡ್ ಎಂಬ ಬಗೆಯ ಘಟಕಗಳಿವೆ. ಇವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರ್ ಮೂಲಕ ಹಾಯಿಸುತ್ತವೆ. ನಷ್ಟ ಕಡಿಮೆ. ಆದರೂ ರಿಮೋಟಿನ ಸೂಚನೆಗೆ, ಗುಂಡಿಯ ಒತ್ತುವಿಕೆಗೆ ಅಥವಾ ಜಾಲದ ಕರೆಗೆ ಕಾದಿರುವ ಯಂತ್ರದಲ್ಲಿ ಸ್ವಲ್ಪ ಭಾಗ ಎಚ್ಚರವಾಗಿರಲೇಬೇಕು. ಇದನ್ನೇ ಸ್ಟ್ಯಾಂಡ್‌ಬೈ ಅಥವಾ ಕಾಯುವ ಸ್ಥಿತಿ ಎನ್ನುತ್ತಾರೆ.

ಸಣ್ಣ ಅಂಕಿ, ದೊಡ್ಡ ಮೊತ್ತ

ಒಂದು ಮೇಜಿನ ಮೇಲಿನ ಎಲ್ಲ ಉಪಕರಣಗಳೂ ಸೇರಿ ಕಾಯುವ ಸ್ಥಿತಿಯಲ್ಲಿ 20 ವ್ಯಾಟ್ ಬಳಸುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 16 ಗಂಟೆ ಅವು ಹಾಗೇ ಇದ್ದರೆ 320 ವ್ಯಾಟ್-ಗಂಟೆ. ವರ್ಷಕ್ಕೆ ಸುಮಾರು 117 ಯೂನಿಟ್. ಭಾರತದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಯಾರಿಗೂ ಉಪಯೋಗವಾಗದ ಈ ವಿದ್ಯುತ್ತಿನಿಂದ ವರ್ಷಕ್ಕೆ 80 ಕಿಲೋಗ್ರಾಂಗೂ ಹೆಚ್ಚು ಅನಿಲ ವಾಯುಮಂಡಲ ಸೇರುತ್ತದೆ.

'ನಮ್ಮದು ಶರಾವತಿಯ ಜಲವಿದ್ಯುತ್ತಲ್ಲವೇ?' ಎಂದು ಕೆಲವರು ಕೇಳಬಹುದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದೊಂದಿಗೆ ಕೂಡಿಕೊಂಡಿತು. ಅಂದಿನಿಂದ ಇಡೀ ದೇಶದ್ದು ಒಂದೇ ಜಾಲ. ಇಲ್ಲಿ ಉಳಿಸಿದ ವಿದ್ಯುತ್ತು ಬೇರೆಲ್ಲೋ ಕಲ್ಲಿದ್ದಲು ಉರಿಯುವುದನ್ನು ಕಡಿಮೆ ಮಾಡಬಲ್ಲದು.

ಶಾಲೆಯ ಲೆಕ್ಕ ಇನ್ನೂ ದೊಡ್ಡದು. 20 ಕಂಪ್ಯೂಟರುಗಳನ್ನು ಆರಿಸದೆ ಬೀಗ ಹಾಕಿಕೊಂಡು ಹೋದರೆ, ಒಂದೊಂದು 60 ವ್ಯಾಟ್ ಬಳಸಿದರೂ 16 ಗಂಟೆಗಳಲ್ಲಿ 19 ಯೂನಿಟ್ ಮೀರುತ್ತದೆ. ಅದೂ ಒಂದೇ ರಾತ್ರಿಯಲ್ಲಿ!

ಖರೀದಿಯ ಬಲ

ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ 1992ರಲ್ಲಿ ಎನರ್ಜಿ ಸ್ಟಾರ್ ಎಂಬ ಗುರುತನ್ನು ಜಾರಿಗೆ ತಂದಿತು. ಮೊದಲು ಅದನ್ನು ಪಡೆದವು ಕಂಪ್ಯೂಟರ್ ಮತ್ತು ಮಾನಿಟರುಗಳು. ಬಳಸದೆ ಬಿಟ್ಟಾಗ ತಾನಾಗಿ ನಿದ್ರಾ ಸ್ಥಿತಿಗೆ ಹೋಗಬೇಕು, ಆಗ 30 ವ್ಯಾಟ್ ಮೀರಬಾರದು ಎಂಬುದು ಷರತ್ತು. ಇದನ್ನು ಪಾಲಿಸುವುದು ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಹಾಗಿದ್ದರೆ ಅವರೇಕೆ ಪಾಲಿಸಬೇಕು?

1993ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಆದೇಶ ಹೊರಡಿಸಿದರು: ಕೇಂದ್ರ ಸರ್ಕಾರದ ಕಚೇರಿಗಳು ಎನರ್ಜಿ ಸ್ಟಾರ್ ಮಟ್ಟ ಮುಟ್ಟುವ ಕಂಪ್ಯೂಟರುಗಳನ್ನೇ ಕೊಳ್ಳಬೇಕು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಕಂಪ್ಯೂಟರ್ ಕೊಳ್ಳುತ್ತಿದ್ದುದು ಆ ಸರ್ಕಾರವೇ. ಅಷ್ಟು ದೊಡ್ಡ ಗ್ರಾಹಕನನ್ನು ಕಳೆದುಕೊಳ್ಳಲು ಯಾವ ತಯಾರಕ ಒಪ್ಪುತ್ತಾನೆ? ಸರ್ಕಾರಕ್ಕೆ ಒಂದು ಬಗೆ, ಮನೆಗೆ ಇನ್ನೊಂದು ಬಗೆ ಎಂದು ಬೇರೆ ಬೇರೆ ಯಂತ್ರ ತಯಾರಿಸುವುದು ದುಬಾರಿ. ಹೀಗಾಗಿ ಕಚೇರಿಗೆ ಬಂದ ನಿದ್ರಾ ಸ್ಥಿತಿ ಮನೆಯ ಕಂಪ್ಯೂಟರಿಗೂ ಬಂದಿತು.

ಮುಂದಿನ ಹೆಜ್ಜೆ ಒಂದು ವ್ಯಾಟಿನದು. ಎಲ್ಲ ಉಪಕರಣಗಳ ಕಾಯುವ ವಿದ್ಯುತ್ತನ್ನು ಒಂದು ವ್ಯಾಟಿಗೆ ಇಳಿಸಬೇಕೆಂಬ ಸಲಹೆಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಮುಂದಿಟ್ಟಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೇಯರ್ ಈ ವಿಚಾರದ ಹಿಂದಿದ್ದ ಪ್ರಮುಖ ವಿಜ್ಞಾನಿ. 2001ರ ಜುಲೈನಲ್ಲಿ ಅಧ್ಯಕ್ಷ ಬುಷ್ ಇದನ್ನು ಸರ್ಕಾರಿ ಖರೀದಿಯ ನಿಯಮವಾಗಿಸಿದರು. ಯೂರೋಪಿನ ಒಕ್ಕೂಟ 2008ರಲ್ಲಿ ಕಾನೂನನ್ನೇ ಮಾಡಿತು. ಅದರಂತೆ ಆರಿಸಿದ ಉಪಕರಣದ ಬಳಕೆ 2010ರಿಂದ 1 ವ್ಯಾಟ್, 2013ರಿಂದ 0.5 ವ್ಯಾಟ್ ಮೀರುವಂತಿರಲಿಲ್ಲ.

ಖರೀದಿಯ ಬಲಕ್ಕೆ ನಮ್ಮ ದೇಶದಲ್ಲೂ ಒಳ್ಳೆಯ ಉದಾಹರಣೆಯಿದೆ. ಸರ್ಕಾರಿ ವಲಯದ ಇಇಎಸ್‌ಎಲ್ ಸಂಸ್ಥೆ ಎಲ್‌ಇಡಿ ಬಲ್ಬುಗಳನ್ನು ಒಟ್ಟಾಗಿ ಭಾರೀ ಪ್ರಮಾಣದಲ್ಲಿ ಕೊಳ್ಳತೊಡಗಿತು. 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಅದರ ಖರೀದಿ ಬೆಲೆ 2016ರಲ್ಲಿ 38 ರೂಪಾಯಿಗೆ ಇಳಿಯಿತು. ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಹಂಚಿದ್ದು ಇಂಥ ಬಲ್ಬುಗಳನ್ನೇ. ಫ್ರಿಜ್, ಏರ್ ಕಂಡಿಷನರ್ ಮೇಲೆ ನಾವು ಕಾಣುವ ನಕ್ಷತ್ರಗಳ ಚೀಟಿಯನ್ನು ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿತು. ಟೆಂಡರ್ ಕರೆಯುವಾಗ ಬೆಲೆಯೊಂದನ್ನೇ ನೋಡದೆ, ಯಂತ್ರ ತನ್ನ ಬಾಳಿನುದ್ದಕ್ಕೂ ತಿನ್ನುವ ವಿದ್ಯುತ್ತನ್ನೂ ಲೆಕ್ಕಕ್ಕೆ ಹಿಡಿದರೆ ಒಂದು ಶಾಲೆ ಕೂಡ ಈ ಬಲವನ್ನು ಬಳಸಬಹುದು.

ನಿಯಮ ಮುಗಿದಲ್ಲಿ ನಮ್ಮ ಕೆಲಸ

ಯಂತ್ರಕ್ಕೆ ನಿದ್ರೆ ಬರುವಂತೆ ಮಾಡಬಹುದು. ಬಳಸುವವರು ಆ ಸೌಲಭ್ಯವನ್ನೇ ತೆಗೆದುಹಾಕಿದರೆ? ಪರದೆಯ ಮೇಲೆ ಮೀನು ಈಜಾಡುವ ಸ್ಕ್ರೀನ್ ಸೇವರ್ ವಿದ್ಯುತ್ ಉಳಿಸುತ್ತದೆಂದು ಈಗಲೂ ನಂಬುವವರಿದ್ದಾರೆ. ಅದು ಹುಟ್ಟಿದ್ದು ಹಳೆಯ ಮಾನಿಟರುಗಳ ಗಾಜಿನ ಒಳಲೇಪನ ಒಂದೇ ಕಡೆ ಸವೆಯದಿರಲೆಂದು. ಚಿತ್ರ ಚಲಿಸುತ್ತಿರುವಷ್ಟು ಹೊತ್ತೂ ಪರದೆ ಉರಿಯುತ್ತಿರುತ್ತದೆ. ಅದರ ಬದಲು ಐದು ನಿಮಿಷಕ್ಕೆ ಪರದೆ ಆರುವಂತೆ ಮಾಡುವುದು ಲೇಸು.

ಲೇಸರ್ ಪ್ರಿಂಟರ್ ಶಾಯಿಪುಡಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಉರುಳೆಯಿಂದ ಕಾಗದಕ್ಕೆ ಅಂಟಿಸುತ್ತದೆ. ಆಗಾಗ ಒಂದೊಂದು ಹಾಳೆ ಮುದ್ರಿಸಿದರೆ ಪ್ರತಿ ಬಾರಿಯೂ ಉರುಳೆ ಕಾಯಬೇಕು. ಒಟ್ಟಿಗೆ ಮುದ್ರಿಸಿದರೆ ಆ ಶಕ್ತಿ ಉಳಿಯುತ್ತದೆ. ಮೇಜಿನ ಉಪಕರಣಗಳನ್ನೆಲ್ಲ ಒಂದೇ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ. ಕಂಪ್ಯೂಟರ್ ಮತ್ತು ಪ್ರಿಂಟರುಗಳನ್ನು ಮೊದಲು ಅವುಗಳ ಕ್ರಮದಲ್ಲೇ ಮುಚ್ಚಿ, ಅನಂತರ ಬೋರ್ಡಿನ ಸ್ವಿಚ್ ಆರಿಸಿ.

ಹಸಿರಾಗುವುದೆಂದರೆ ಹಳೆಯದನ್ನು ಎಸೆದು ಹೊಸದನ್ನು ತರುವುದಲ್ಲ. ಲ್ಯಾಪ್‌ಟಾಪ್ ತನ್ನ ಬಾಳಿನಲ್ಲಿ ಬಳಸುವ ಒಟ್ಟು ಶಕ್ತಿಯ ದೊಡ್ಡ ಪಾಲು ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ. ಸರಿಯಾಗಿರುವ ಯಂತ್ರವನ್ನು ಇನ್ನೆರಡು ವರ್ಷ ಬಳಸುವುದೂ ಉಳಿತಾಯವೇ.

ತರಗತಿಗೊಂದು ಪ್ರಯೋಗ

ಮನೆಯ ಎಲೆಕ್ಟ್ರಾನಿಕ್ ಮೀಟರನ್ನು ಮುಟ್ಟದೆ, ದೂರದಿಂದಲೇ ಗಮನಿಸಿ. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತದೆ. ಅದು 3200 ಆಗಿದ್ದರೆ, ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್ ಆದ್ದರಿಂದ, ಒಂದು ಮಿಣುಕಿಗೆ 1125 ಜೂಲ್. ಎರಡು ಮಿಣುಕುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಹೊತ್ತಿನ ಬಳಕೆ ವ್ಯಾಟ್‌ಗಳಲ್ಲಿ ದೊರೆಯುತ್ತದೆ. ಸ್ವಲ್ಪ ಹೊತ್ತು ಫ್ರಿಜ್, ದೀಪ, ಫ್ಯಾನುಗಳನ್ನು ಆರಿಸಿ, ಮಲಗಿದ ಯಂತ್ರಗಳನ್ನು ಮಾತ್ರ ಹಾಗೇ ಬಿಟ್ಟು ಎಣಿಸಿ. 56 ಸೆಕೆಂಡಿಗೊಮ್ಮೆ ಮಿಣುಕಿದರೆ ಬಳಕೆ ಸುಮಾರು 20 ವ್ಯಾಟ್. ಹೊರೆ ತೀರಾ ಚಿಕ್ಕದಾಗಿದ್ದರೆ ಮೀಟರು ಮಿಣುಕದೆಯೂ ಇರಬಹುದು.

ಇದೇ ಅಳತೆಯನ್ನು ಶಾಲೆಯಲ್ಲೂ ಮಾಡಿ, ಫಲಿತಾಂಶವನ್ನು ಮುಖ್ಯೋಪಾಧ್ಯಾಯರ ಮುಂದಿಡಿ. ಮುಂದಿನ ಬಾರಿ ಕಂಪ್ಯೂಟರ್ ಕೊಳ್ಳುವಾಗ ಅದು ನೆನಪಿಗೆ ಬಂದರೆ ಪ್ರಯೋಗ ಸಾರ್ಥಕ.