ವಿಮಾನ ಕಂಪನಿಯನ್ನು ಕೇಳುವವರು ಯಾರು?

ಓಕ್ಲ್ಯಾಂಡ್ ವಿಮಾನ ನಿಲ್ದಾಣದಿಂದ ಹಾರುವ ಸೌತ್‌ವೆಸ್ಟ್ ವಿಮಾನಗಳನ್ನು ನಾವೆಲ್ಲ ನೋಡಿದ್ದೇವೆ. ಅವೆಲ್ಲ ಬೋಯಿಂಗ್ 737 ವಿಮಾನಗಳು. ಇವುಗಳ ಹೊಸ ಮಾದರಿಯೇ 737 ಮ್ಯಾಕ್ಸ್. ಈ ಮಾದರಿಯ ವಿಮಾನಗಳು 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಅಪಘಾತಕ್ಕೀಡಾಗಿ ಒಟ್ಟು 346 ಜನ ಪ್ರಾಣ ಕಳೆದುಕೊಂಡರು. ಒಂದೇ ಸೆನ್ಸರಿನ ತಪ್ಪು ಅಳತೆಯನ್ನು ನಂಬಿದ ತಂತ್ರಾಂಶವು ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ತಳ್ಳಿತ್ತು.

ತಪ್ಪು ತಂತ್ರಾಂಶದ್ದು ಮಾತ್ರವೇ? ಕಂಪನಿಯ ಮೇಲೆ ಕಣ್ಣಿಡಬೇಕಾದದ್ದು ಅದರ ನಿರ್ದೇಶಕ ಮಂಡಳಿ. ಈ ಮೇಲ್ವಿಚಾರಣೆಯ ವ್ಯವಸ್ಥೆಗೆ 'ಕಾರ್ಪೊರೇಟ್ ಆಡಳಿತ' ಎಂದು ಹೆಸರು. ಬೋಯಿಂಗ್ ಮಂಡಳಿ ಸುರಕ್ಷತೆಗೆಂದೇ ಪ್ರತ್ಯೇಕ ಸಮಿತಿ ರಚಿಸಿದ್ದು 2019ರ ಆಗಸ್ಟ್‌ನಲ್ಲಿ, ಎರಡೂ ಅಪಘಾತಗಳ ನಂತರ. ನಿರ್ದೇಶಕರ ವಿರುದ್ಧ ಷೇರುದಾರರು ಹೂಡಿದ ದಾವೆಯಲ್ಲಿ 2021ರಲ್ಲಿ 23.75 ಕೋಟಿ ಡಾಲರ್‌ಗಳ ರಾಜಿಯಾಯಿತು.

ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಎಚ್‌ಎಎಲ್ ಯುದ್ಧವಿಮಾನಗಳನ್ನು ತಯಾರಿಸುತ್ತದೆ. 2018ರಲ್ಲಿ ಅದು ಷೇರುಪೇಟೆಗೆ ಬಂದಿತು. ದೊಡ್ಡ ಕಂಪನಿಗಳಿಗೆ ಸೆಬಿ ಮಾಡಿರುವ ನಿಯಮದಂತೆ 2022–23ರಿಂದ ಪ್ರತಿವರ್ಷ ವಿದ್ಯುತ್, ನೀರು, ತ್ಯಾಜ್ಯ ಹಾಗೂ ಕಾರ್ಮಿಕರ ಸುರಕ್ಷತೆಯ ವಿವರಗಳನ್ನೂ ಪ್ರಕಟಿಸಬೇಕು. ರಕ್ಷಣೆಯ ಗುಟ್ಟು ಗುಟ್ಟಾಗಿಯೇ ಇರಲಿ; ನೀರು, ಗಾಳಿಯ ಲೆಕ್ಕ ಗುಟ್ಟಾಗಬಾರದು.

ನಮ್ಮ ಹಿರಿಯರ ನಿವೃತ್ತಿ ಉಳಿತಾಯದಲ್ಲಿ ಇಂಥ ಕಂಪನಿಗಳ ಷೇರುಗಳಿರಬಹುದು. ವಾರ್ಷಿಕ ವರದಿ ಕೈಗೆ ಬಂದಾಗ ಲಾಭದ ಪುಟದೊಂದಿಗೆ ಸುರಕ್ಷತೆಯ ಪುಟವನ್ನೂ ಓದೋಣ. ತಿಳಿಯದಿದ್ದರೆ ಕೇಳೋಣ. ಕೇಳುವವರಿದ್ದರೆ ತಾನೇ ಉತ್ತರ ಹೇಳುವವರು ಎಚ್ಚರವಾಗಿರುವುದು!