ಬೆಂಗಳೂರಿಗಿಂತ ಮೊದಲೇ ಟಿ.ವಿ. ಕಂಡ ಊರು!

ಕರ್ನಾಟಕದಲ್ಲಿ ಟಿ.ವಿ. ಮೊಟ್ಟಮೊದಲು ಬಂದದ್ದು ಎಲ್ಲಿಗೆ? 'ಇದೇನು ಪ್ರಶ್ನೆ, ಬೆಂಗಳೂರಿಗೆ' ಅಂದಿರಾ? ಸೋತಿರಿ ಸ್ವಾಮಿ! ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಆ ಹೊತ್ತಿಗೆ ಗುಲ್ಬರ್ಗದವರು ನಾಲ್ಕು ವರ್ಷದಿಂದ ಟಿ.ವಿ. ನೋಡುತ್ತಿದ್ದರು. ಆ ಸೀಮೆಯ ಕೆಲವು ಹಳ್ಳಿಗಳವರಂತೂ ಅದಕ್ಕೂ ಎರಡು ವರ್ಷ ಹಿಂದೆಯೇ ನೋಡಿದ್ದರು!

ನಾನು ಆ ಕಡೆಯವನೇ. ಬೆಂಗಳೂರಿನ ಸಿನಿಮಾ ಮಂದಿಗೆ ಈ ಮಾತು ಹೇಳಿದರೆ 'ಹೌದೇನ್ರೀ?' ಅಂತ ಹುಬ್ಬೇರಿಸುತ್ತಾರೆ. ಅದಕ್ಕೇ ಈ ಲೇಖನ.

ಕೋಳಿ ಬಲೆಯ ಛತ್ರಿ

1975ರ ಆಗಸ್ಟ್ 1. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶಕ್ಕೆ ಕಡ ಕೊಟ್ಟಿತು. ಅದರಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ತೋರಿಸುವ ಪ್ರಯೋಗ ನಡೆಯಿತು. ಅದಕ್ಕೆ 'ಸೈಟ್' ಅಂತ ಹೆಸರು. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬರಗಾಲದ ಸೀಮೆಗೆ ಮೊದಲ ಮಣೆ! ಇಂಥದ್ದು ನಮ್ಮಲ್ಲಿ ನೂರಕ್ಕೊಮ್ಮೆ ನಡೆದರೆ ಹೆಚ್ಚು.

ಹಳ್ಳಿಗೊಂದು ಟಿ.ವಿ. ಪೆಟ್ಟಿಗೆ, ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಹಾಡು, ಕುಣಿತ. ನನ್ನ ಸೋದರಮಾವ ಆಗ ಚಡ್ಡಿ ಹುಡುಗ. ಜಾಗ ಹಿಡಿಯೋಕೆ ಹೊತ್ತು ಮುಳುಗೋ ಮೊದಲೇ ಗೋಣಿತಾಟು ಹಾಸಿ ಬರ್ತಿದ್ರಂತೆ.

ಆದರೆ ಆ ಕನ್ನಡ ತಯಾರಾಗುತ್ತಿದ್ದುದು ಎಲ್ಲಿ ಗೊತ್ತೇ? ಹೈದರಾಬಾದಿನಲ್ಲಿ! ಆಂಧ್ರ ಮತ್ತು ಕರ್ನಾಟಕ ಎರಡಕ್ಕೂ ಅಲ್ಲೇ ಒಂದು ಕೇಂದ್ರ. ಒಂದೇ ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಅನುಕೂಲ ಆ ಉಪಗ್ರಹಕ್ಕಿತ್ತು. ಅವರ ಹಳ್ಳಿಗೆ ತೆಲುಗು, ನಮ್ಮ ಹಳ್ಳಿಗೆ ಕನ್ನಡ. ಡಬ್ಬಿಂಗ್ ಬೇಡವೇ ಬೇಡ ಅಂತ ಗಾಂಧಿನಗರ ಕಚ್ಚೆ ಕಟ್ಟಿ ನಿಂತಿದ್ದ ಕಾಲ ಅದು ಎಂಬುದನ್ನು ನೆನಪಿಟ್ಟುಕೊಳ್ಳಿ!

ಇನ್ನೊಂದು ವಿಚಿತ್ರ. ಗುಲ್ಬರ್ಗ, ರಾಯಚೂರು ನಿಜಾಮರ ಕೈಯಿಂದ ಬಿಡಿಸಿಕೊಂಡದ್ದು 1948ರಲ್ಲಿ. ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ರಾಜ್ಯ ಸೇರಿದ್ದು 1956ರಲ್ಲಿ. ಟಿ.ವಿ. ಬಂದಾಗ ಮತ್ತೆ ಹೈದರಾಬಾದೇ ಗತಿ.

ಗೋಪುರ ಇಲ್ಲಿ, ಅಡುಗೆಮನೆ ಅಲ್ಲಿ

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ನಾಸಾ ತನ್ನ ಉಪಗ್ರಹವನ್ನು ವಾಪಸು ಕರೆಸಿಕೊಂಡಿತು, ಛತ್ರಿಗಳು ಮೂಕವಾದವು. ರುಚಿ ಹತ್ತಿಸಿ ಎಲೆ ಎತ್ತಿದ ಹಾಗಾಯಿತು. ಆ ಸೀಮೆಗಳಿಗೆಂದೇ ಸರ್ಕಾರ ಜೈಪುರ, ರಾಯಪುರ, ಮುಜಫ್ಫರಪುರ, ಸಂಬಲ್ಪುರ, ಹೈದರಾಬಾದ್, ಗುಲ್ಬರ್ಗಗಳಲ್ಲಿ ನೆಲದ ಮೇಲೆ ಪ್ರಸಾರ ಗೋಪುರ ನಿಲ್ಲಿಸಿತು. ಗುಲ್ಬರ್ಗಕ್ಕೆ ಬಂದದ್ದು 1977ರಲ್ಲಿ.

ನಾನು ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು, ತರಂಗದ ಲೆಕ್ಕ ನನ್ನ ಕೈಲಾಗದು. ಇಷ್ಟು ಮಾತ್ರ ಬಲ್ಲೆ: ಉಪಗ್ರಹಕ್ಕೆ ಊರು, ಬೆಟ್ಟ ಎಲ್ಲ ಒಂದೇ. ಗೋಪುರ ಹಾಗಲ್ಲ, ತನ್ನ ಸುತ್ತಲ ಸೀಮೆಯನ್ನಷ್ಟೇ ಮುಟ್ಟುತ್ತದೆ. ಹೀಗಾಗಿ ಛತ್ರಿ ಕಾಲದಲ್ಲಿ ನೋಡಿದ್ದ ದೂರದ ಹಳ್ಳಿಗಳು ಹೊರಗುಳಿದವು. ಕಾರ್ಯಕ್ರಮದ ಅಡುಗೆಮನೆ ಮಾತ್ರ ಆಗಲೂ ಹೈದರಾಬಾದೇ.

ದಿಲ್ಲಿ ಬಂತು ದಾರಿ ಬಿಡಿ

1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ, ಜೊತೆಗೆ ಬಣ್ಣ. ಮರುವರ್ಷ ಇನ್ಸಾಟ್-1ಬಿ ಮೇಲೇರಿತು. 1984ರಲ್ಲಂತೂ ದೇಶದ ತುಂಬ ಹೆಚ್ಚುಕಡಿಮೆ ದಿನಕ್ಕೊಂದರಂತೆ ಮರುಪ್ರಸಾರ ಗೋಪುರ ಎದ್ದ ತಿಂಗಳುಗಳುಂಟು. ರಾತ್ರಿಯ ಒಳ್ಳೆಯ ಹೊತ್ತೆಲ್ಲ ದಿಲ್ಲಿಯದು. 'ಹಮ್ ಲೋಗ್', ಆಮೇಲೆ ಭಾನುವಾರ ಬೆಳಿಗ್ಗೆಯ 'ರಾಮಾಯಣ'... ಬೀದಿ ಖಾಲಿ!

ನಮ್ಮ ಶಂಕರ್‌ನಾಗ್ ನಮ್ಮ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರು. ಗಿರೀಶ್ ಕಾರ್ನಾಡ್, ಅನಂತ್‌ನಾಗ್, ವಿಷ್ಣುವರ್ಧನ್, ವೈಶಾಲಿ ಕಾಸರವಳ್ಳಿ, ಪುಟಾಣಿ ಮಂಜುನಾಥ್, ಎಲ್ಲ ನಮ್ಮವರೇ. ಮಾತು ಮಾತ್ರ ಹಿಂದಿ, ಇಂಗ್ಲಿಷ್! ದೇಶವೆಲ್ಲ ಮೆಚ್ಚಿತು, ನಾನೂ ಮೆಚ್ಚುತ್ತೇನೆ. ಆದರೂ ಆಗುಂಬೆಯ ಮಳೆ ದಿಲ್ಲಿ ಸುತ್ತಿ ಗುಲ್ಬರ್ಗಕ್ಕೆ ಬರಬೇಕಾಯಿತಲ್ಲ!

ಬೆಂಗಳೂರಿನ ಸರದಿ ಬಂದದ್ದು ಆಮೇಲೆ. 'ಚಿತ್ರಮಂಜರಿ'ಯ ಹಾಡುಗಳು, ಭಾನುವಾರದ ಕನ್ನಡ ಸಿನಿಮಾ ಯಾರಿಗೆ ಬೇಡ? 1990ರ ದಶಕದಲ್ಲಿ ಬೆಂಗಳೂರಿನ ಕನ್ನಡ ಪ್ರಸಾರ ಉಪಗ್ರಹ ವಾಹಿನಿಯಾಗಿ ಬೆಳೆಯಿತು, ಮುಂದೆ 'ಚಂದನ' ಅನ್ನಿಸಿಕೊಂಡಿತು. 1994ರಲ್ಲಿ ಖಾಸಗಿ 'ಉದಯ' ಬಂತು. ಗುಲ್ಬರ್ಗದಲ್ಲೂ ಸ್ಟುಡಿಯೋ ಆಯಿತು. ಅಲ್ಲಿಯ ತತ್ವಪದ, ಅಲ್ಲಿಯ ತೊಗರಿ, ಅಲ್ಲಿಯ ಮಾತು. ದಿಲ್ಲಿ, ಬೆಂಗಳೂರು ಏನೇ ಕಳಿಸಲಿ, ಗೊತ್ತಾದ ಹೊತ್ತಿಗೆ ಗುಲ್ಬರ್ಗದಲ್ಲಿ ಒಬ್ಬ ಎಂಜಿನಿಯರು ಸ್ವಿಚ್ಚು ತಿರುಗಿಸಿದರೆ ಗೋಪುರ ಅಷ್ಟು ಹೊತ್ತು ನಮ್ಮದು. ನನ್ನ ಕಣ್ಣಿಗೆ ಇಡೀ ಕಥೆಯಲ್ಲಿ ದೊಡ್ಡದು ಈ ಸ್ವಿಚ್ಚೇ. ಮೊದಲು ಹೈದರಾಬಾದಿಗೆ, ನಂತರ ದಿಲ್ಲಿಗೆ, ಬೆಂಗಳೂರಿಗೆ ಜೋತುಬಿದ್ದ ಕೇಂದ್ರಕ್ಕೆ ಸ್ವಂತದ್ದೆಂದು ಇದ್ದದ್ದು ಅದೊಂದೇ.

ಗೋಪುರ ಸುಮ್ಮನಾಯಿತು

ಊರಿನ ಹೆಸರು ಕಲಬುರಗಿ ಎಂದಾದದ್ದು 2014ರಲ್ಲಿ. 2021ರಲ್ಲಿ ದೇಶದ ಹಳೆಯ ಅನಲಾಗ್ ಗೋಪುರಗಳನ್ನು ನಿಲ್ಲಿಸುತ್ತ ಬಂದ ಪ್ರಸಾರ ಭಾರತಿ ಕಲಬುರಗಿಗೂ ಬಂತು. ಕೇಂದ್ರವೇ ಮುಚ್ಚುತ್ತಂತೆ ಅಂತ ಸುದ್ದಿ ಹಬ್ಬಿತು. ಗದ್ದಲವಾದಾಗ ಆ ವರ್ಷದ ಅಕ್ಟೋಬರಿನಲ್ಲಿ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ಕೇಂದ್ರ ಇರುತ್ತದೆ, ಕಾರ್ಯಕ್ರಮ ತಯಾರಿಸುತ್ತದೆ, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದು.

ಸುಳ್ಳೇನಲ್ಲ. ಗೋಪುರ ನಂಬಿ ಆಂಟೆನಾ ತಿರುಗಿಸುವವರು ಎಷ್ಟು ಜನ ಉಳಿದಿದ್ದರು ಹೇಳಿ? ಮನೆ ಮೇಲೆಲ್ಲ ಡಿಶ್, ಕೈಯಲ್ಲಿ ಮೊಬೈಲು. ಆದರೆ ಉಪಗ್ರಹ ವಾಹಿನಿ ಇಡೀ ರಾಜ್ಯಕ್ಕೆ ಒಂದೇ. ಕಲಬುರಗಿಗೆ ಮಾತ್ರ ಬೇರೆ ತೋರಿಸುವ ಸ್ವಿಚ್ಚು ಅದರಲ್ಲಿಲ್ಲ. ಚಾಮರಾಜನಗರಕ್ಕೂ ಕಾರವಾರಕ್ಕೂ ಒಪ್ಪುವಂಥದ್ದೇ ಬರಬೇಕು, ಬೆಂಗಳೂರು ಕೊಟ್ಟ ಹೊತ್ತಿಗೇ ಬರಬೇಕು.

ಸೋದರಮಾವನಿಗೆ ಯೂಟ್ಯೂಬಿನಲ್ಲಿ ಕಲಬುರಗಿಯ ಕಾರ್ಯಕ್ರಮ ಹುಡುಕಿ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ನೋಡಿದ. ಆಮೇಲೆ ಕೇಳಿದ: 'ಇದು ಈಗ ಎಲ್ಲಿಂದ ಬರಾಕತ್ತೈತಿ?'